ಪಂಜೆ ಮಂಗೇಶರಾಯರು

ಪಾಠಪುಸ್ತಕದಲ್ಲಿ ತನ್ನ ಊರು, ತನ್ನ ಜನ, ತನ್ನ ಆಟಪಾಟಗಳು ಕಾಣದಿದ್ದರೆ ಮಗುವಿಗೆ ಓದು ಹೊರೆಯಾಗುತ್ತದೆ. ಈ ಸತ್ಯವನ್ನು ಒಂದು ಶತಮಾನಕ್ಕೂ ಹಿಂದೆಯೇ ಮನಗಂಡು, ಕನ್ನಡದ ಎಳೆಯರಿಗಾಗಿ ಹಾಡುಗಳನ್ನೂ ಕಥೆಗಳನ್ನೂ ರಚಿಸಿಕೊಟ್ಟ ಮಹನೀಯರು ಪಂಜೆ ಮಂಗೇಶರಾಯರು.

ನೇತ್ರಾವತಿಯ ದಡದಲ್ಲಿರುವ ಬಂಟವಾಳ ಅವರ ಹುಟ್ಟೂರು. ಅವರು ಜನಿಸಿದ್ದು 1874ನೆಯ ಇಸವಿ ಫೆಬ್ರವರಿ 22ರಂದು. ಪೂರ್ವಿಕರು ಪಂಜ ಎಂಬ ಗ್ರಾಮದವರಾದುದರಿಂದ ಮನೆತನಕ್ಕೆ ಪಂಜೆ ಎಂಬ ಹೆಸರು ಬಂದಿತು. ಮನೆಯಲ್ಲಿ ಆಡುವ ಮಾತು ಕೊಂಕಣಿ. ಬೀದಿಯಲ್ಲಿ ಕೇಳುವ ಮಾತು ತುಳು. ಶಾಲೆಯಲ್ಲಿ ಕಲಿಯುವ ಮಾತು ಕನ್ನಡ. ಮನೆಮಾತು ಬೇರೆಯಾದ ಮಗುವಿಗೆ ಶಾಲೆಯ ಪುಸ್ತಕ ಎಷ್ಟು ದೂರದ್ದಾಗಿ ತೋರುವುದೆಂಬುದನ್ನು ಅವರು ಸ್ವಾನುಭವದಿಂದಲೇ ಬಲ್ಲವರಾಗಿದ್ದರು.

ಬಡತನದ ನಡುವೆ ಓದಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅವರು ಕನ್ನಡ ಪಂಡಿತರಾದರು. ಮುಂದೆ ಪದವಿಯನ್ನೂ ಅಧ್ಯಾಪಕ ಶಿಕ್ಷಣವನ್ನೂ ಪಡೆದು, ಶಾಲೆಗಳ ತನಿಖಾಧಿಕಾರಿಯಾಗಿ ನೇಮಕಗೊಂಡರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಇನ್‌ಸ್ಪೆಕ್ಟರು ಬರುವರೆಂದರೆ ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೂ ಉಪಾಧ್ಯಾಯರಿಗೂ ನಡುಕವುಂಟಾಗುತ್ತಿದ್ದ ಕಾಲವದು. ತಪ್ಪು ಹುಡುಕಿ ಬರೆದಿಟ್ಟರೆ ತನಿಖಾಧಿಕಾರಿಯ ಕೆಲಸ ಮುಗಿಯಿತೆಂದು ಪಂಜೆಯವರು ಭಾವಿಸಲಿಲ್ಲ. ಮಕ್ಕಳ ಕೈಯಲ್ಲಿರುವ ಪುಸ್ತಕವೇ ಅವರಿಗೆ ಮುಖ್ಯವಾಯಿತು. ಅರ್ಥವಾಗದ ಪದ್ಯಗಳನ್ನೂ ಒಣ ನೀತಿಯನ್ನೂ ಬಾಯಿಪಾಠ ಮಾಡುವ ಎಳೆಯರಿಗೆ ಹಾಡಿ ಕುಣಿಯಲು ಒದಗುವ ಪದ್ಯಗಳಿರಲಿಲ್ಲ. ಇಲ್ಲವೆಂದು ದೂರುತ್ತ ಕುಳಿತುಕೊಳ್ಳದೆ, ಆ ಕೊರತೆಯನ್ನು ತುಂಬಲು ಅವರು ತಾವೇ ಲೇಖನಿಯನ್ನು ಹಿಡಿದರು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅವರು ಶಾಲೆಗಳಿಗಾಗಿ ಪದ್ಯಪುಸ್ತಕಗಳನ್ನು ಸಿದ್ಧಪಡಿಸಿದರು. ಮಕ್ಕಳು ಅಂಜಿ ಓಡುವ ನಾಗರಹಾವು ಅವರ ಹಾಡಿನಲ್ಲಿ ಮಕ್ಕಳು ಕರೆದು ಆಡಿಸುವ ಅತಿಥಿಯಾಯಿತು. ಕಡಲ ಕಡೆಯಿಂದ ಭೋರೆಂದು ನುಗ್ಗುವ ಮಳೆಗಾಲದ ಗಾಳಿ ತೆಂಕಣ ಗಾಳಿಯಾಟವಾಯಿತು. ಸಿಗಡಿ ಯಾಕೆ ಒಣಗಲಿಲ್ಲವೆಂಬ ಒಂದು ಪ್ರಶ್ನೆ ಇನ್ನೊಂದು ಪ್ರಶ್ನೆಗೆ ಕೊಂಡಿಯಾಗಿ ಕಥೆಯ ಸರಪಳಿಯಾಯಿತು. ಮೀನು ಒಣಗಿಸುವ ಅಂಗಳವನ್ನು ಕಂಡು ಬೆಳೆದ ಕರಾವಳಿಯ ಮಗುವಿಗೆ ತನ್ನ ಮನೆಯಂಗಳವೇ ಪುಸ್ತಕದೊಳಕ್ಕೆ ಬಂದಂತಾಯಿತು.

ತುಳುನಾಡಿನ ಕೋಟಿ ಚೆನ್ನಯರ ಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದುದು ಇದಕ್ಕಿಂತಲೂ ದೊಡ್ಡ ಕಾರ್ಯ. ಈ ಅವಳಿ ವೀರರು ಬಿಲ್ಲವ ಸಮುದಾಯದವರು. ಅರಸನ ಎದುರಿಗೂ ತಲೆತಗ್ಗಿಸದೆ ನ್ಯಾಯಕ್ಕಾಗಿ ಹೋರಾಡಿದ ಅವರ ಕಥೆ ದುಡಿಯುವ ಜನರ ಪಾಡ್ದನಗಳಲ್ಲಿ ಬಾಯಿಂದ ಬಾಯಿಗೆ ಹರಿದುಬಂದಿದ್ದಿತು. ರಾಜಮಹಾರಾಜರ ಚರಿತ್ರೆಯೇ ಅಚ್ಚಾಗುತ್ತಿದ್ದ ಕಾಲದಲ್ಲಿ ಗದ್ದೆಯಲ್ಲಿ ದುಡಿಯುವವರ ವೀರರಿಗೂ ಪುಸ್ತಕದಲ್ಲಿ ಸ್ಥಾನ ದೊರೆಯಿತು. ತನ್ನವರ ಶೌರ್ಯವನ್ನು ಅಚ್ಚಿನಲ್ಲಿ ಕಂಡ ಮಗು ತಲೆಯೆತ್ತಿ ನಡೆಯಲು ಕಲಿಯುತ್ತದೆ.

ಇಂತಹುದೇ ಚಿಂತನೆ ಅದೇ ಕಾಲದಲ್ಲಿ ದೂರದ ಅಮೆರಿಕದಲ್ಲಿಯೂ ಮೂಡಿತ್ತು. ಅಲ್ಲಿಯ ಕಪ್ಪುಜನರ ಮಕ್ಕಳು ಓದುತ್ತಿದ್ದ ಪುಸ್ತಕಗಳಲ್ಲಿ ಅವರ ಜನರಿಗೆ ಸ್ಥಾನವೇ ಇರಲಿಲ್ಲ. ಇದ್ದರೂ ಅದು ಹಾಸ್ಯದ ಸ್ಥಾನ. ಇದನ್ನು ಕಂಡು ನೊಂದ ವಿದ್ವಾಂಸ ಡುಬಾಯ್ಸ್ ಅವರು, ಜೆಸ್ಸಿ ಫಾಸೆಟ್ ಎಂಬ ಲೇಖಕಿಯ ನೆರವಿನಿಂದ, 1920ರಲ್ಲಿ ಬ್ರೌನೀಸ್ ಬುಕ್ ಎಂಬ ಮಾಸಪತ್ರಿಕೆಯನ್ನು ಆ ಮಕ್ಕಳಿಗಾಗಿ ಆರಂಭಿಸಿದರು. ಎರಡು ವರ್ಷಗಳಲ್ಲಿ 24 ಸಂಚಿಕೆಗಳನ್ನು ಹೊರತಂದು ಅದು ನಿಂತುಹೋದರೂ ಅದರ ಆಶಯ ಅಳಿಯಲಿಲ್ಲ. ಪಂಜೆಯವರಿಗೂ ಅವರಿಗೂ ಪರಿಚಯವಿದ್ದಿತೆಂದಲ್ಲ. ಮಗುವಿನ ಮನಸ್ಸನ್ನು ಅರಿತವರು ಎಲ್ಲಿದ್ದರೂ ಒಂದೇ ದಾರಿಯಲ್ಲಿ ನಡೆಯುತ್ತಾರೆ.

ಒಬ್ಬರಿಂದಲೇ ಆಗುವ ಕೆಲಸ ಇದಲ್ಲವೆಂದು ತಿಳಿದು ಪಂಜೆಯವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಗೆಳೆಯರನ್ನು ಕೂಡಿಸಿ, ಮಕ್ಕಳ ಪುಸ್ತಕಗಳನ್ನು ಬರೆಯಿಸಿ ಪ್ರಕಟಿಸಿದರು. ಉದ್ಯೋಗ ನಿಮಿತ್ತ ಕೊಡಗಿಗೆ ಹೋದಾಗ ಅಲ್ಲಿಯ ಸುಗ್ಗಿಯ ಹಬ್ಬವನ್ನು ಕಂಡು ಹುತ್ತರಿ ಹಾಡನ್ನು ಬರೆದರು. ಹೊರಗಿನಿಂದ ಬಂದ ಅಧ್ಯಾಪಕನೊಬ್ಬನು ಬರೆದ ಹಾಡನ್ನು ಕೊಡಗಿನ ಜನ ತಮ್ಮದೆಂದೇ ಹಾಡಿಕೊಂಡರು.

1900ರ ಸುಮಾರಿಗೆ ಅವರು ಸುವಾಸಿನಿ ಪತ್ರಿಕೆಗೆ ಬರೆದ ಕಿರುಗಥೆಗಳು ಕನ್ನಡದ ಸಣ್ಣಕಥೆಗೆ ನಾಂದಿಯಾದುವು. ಇಷ್ಟಾದರೂ ಅವರಿಗೆ ಹೆಸರಿನ ಹಂಬಲವಿರಲಿಲ್ಲ. ಕವಿತೆಗಳಿಗೆ ಕವಿಶಿಷ್ಯ ಎಂಬ ಅಂಕಿತವಿಟ್ಟು, ಕವಿಯೆನ್ನಿಸಿಕೊಳ್ಳುವುದಕ್ಕಿಂತ ಕವಿಗಳ ಶಿಷ್ಯನಾಗಿರುವುದೇ ಲೇಸೆಂದು ಬಗೆದರು. ನಾಡು ಅವರನ್ನು ಮರೆಯಲಿಲ್ಲ. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1937ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಅವರು ನಿಧನರಾದರು. ಅಂದಿನ ಕಡೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ಪಂಜೆಯವರನ್ನು ಕುರಿತು ಕವನ ರಚಿಸಿ ಗೌರವವನ್ನು ಸಲ್ಲಿಸಿದರು.

ಕರಾವಳಿಯ ಶಾಲೆಗಳಿಗಾಗಿ ಹುಟ್ಟಿದ ಆ ಹಾಡುಗಳು ಘಟ್ಟವನ್ನು ಹತ್ತಿದುವು. ಕಡಲನ್ನು ಕಾಣದ ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳ ಮಕ್ಕಳ ನಾಲಿಗೆಯಲ್ಲಿಯೂ ನೆಲಸಿದುವು. ಹಾಡುವ ಮಗುವಿಗೆ ಬರೆದವರ ಹೆಸರು ತಿಳಿಯದಿರಬಹುದು. ತನ್ನ ಹೆಸರನ್ನು ಹಿಂದಿರಿಸಿ ಹಾಡನ್ನು ಮುಂದಿರಿಸಿದ ಆ ಶಿಕ್ಷಕನಿಗೆ ಇದಕ್ಕಿಂತ ಹಿರಿದಾದ ಸ್ಮಾರಕ ಬೇರೊಂದಿಲ್ಲ.