ದೈಹಿಕ ಸಾಮರ್ಥ್ಯ ಮಾಪನದ ಪ್ರವರ್ತಕ: ಪ್ರೊ. ಎ.ವಿ. ಹಿಲ್ (1886–1977)

ಓಟ, ಟ್ರೆಡ್‌ಮಿಲ್ ಅಥವಾ ಸ್ಥಿರ ಸೈಕಲ್ ಮೂಲಕ ನಡೆಸಲಾಗುವ ದೈಹಿಕ ಸಾಮರ್ಥ್ಯ ಪರೀಕ್ಷೆಗಳಿಗೆ ವೈಜ್ಞಾನಿಕ ತಳಹದಿ ಹಾಕಿದವರಲ್ಲಿ ಆರ್ಚಿಬಾಲ್ಡ್ ವಿವಿಯನ್ ಹಿಲ್ ಅವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

1886ರ ಸೆಪ್ಟೆಂಬರ್ 26ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜನಿಸಿದ ಹಿಲ್, ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಅಭ್ಯಸಿಸಿ, ಅನಂತರ ಶರೀರಕ್ರಿಯಾಶಾಸ್ತ್ರದತ್ತ ಹೊರಳಿದರು. ಸ್ನಾಯುಗಳು ಉತ್ಪಾದಿಸುವ ಶಾಖವನ್ನು ಕುರಿತ ಸಂಶೋಧನೆಗಾಗಿ 1922ನೇ ಸಾಲಿನ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಒಟ್ಟೊ ಮೇಯರ್‌ಹಾಫ್ ಅವರೊಂದಿಗೆ ಹಂಚಿಕೊಂಡರು.

ಓಟದ ಪ್ರಯೋಗಗಳು

1920ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಹಿಲ್, ಹಾರ್ಟ್ಲಿ ಲುಪ್ಟನ್ ಅವರೊಡಗೂಡಿ ಓಟಗಾರರ ಉಸಿರಾಟವನ್ನು ಅಳೆಯತೊಡಗಿದರು. ಓಟಗಾರನ ಬೆನ್ನಿಗೆ ಡಗ್ಲಸ್ ಚೀಲವೆಂಬ ಗಾಳಿಚೀಲವನ್ನು ಕಟ್ಟಿ, ಹೊರಬಿಟ್ಟ ಉಸಿರನ್ನು ಅದರಲ್ಲಿ ಸಂಗ್ರಹಿಸಿ, ದೇಹವು ಬಳಸಿದ ಆಮ್ಲಜನಕದ ಪ್ರಮಾಣವನ್ನು ಲೆಕ್ಕಹಾಕಲಾಗುತ್ತಿತ್ತು. ಸ್ವತಃ ಓಟಗಾರರಾಗಿದ್ದ ಹಿಲ್ ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಡ್ಡಿದರು.

ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚಿತು. ಆದರೆ ಹಿಲ್ ಅವರಲ್ಲಿ ಅದು ನಿಮಿಷಕ್ಕೆ ಸುಮಾರು 4 ಲೀಟರ್ ತಲುಪಿದ ಮೇಲೆ, ಇನ್ನೂ ವೇಗವಾಗಿ ಓಡಿದರೂ ಏರಲಿಲ್ಲ. ಪ್ರತಿ ದೇಹಕ್ಕೂ ಇಂತಹ ಒಂದು ಮಿತಿಯಿದೆ ಎಂದೂ, ಹೃದಯ ಹಾಗೂ ರಕ್ತ ಪರಿಚಲನೆಯ ಶಕ್ತಿಯೇ ಅದನ್ನು ಮುಖ್ಯವಾಗಿ ನಿರ್ಧರಿಸುತ್ತದೆ ಎಂದೂ ಅವರು ಪ್ರತಿಪಾದಿಸಿದರು. ಗರಿಷ್ಠ ಆಮ್ಲಜನಕ ಬಳಕೆ ಎಂಬ ಈ ಅಳತೆಯನ್ನು ಇಂದು ದೇಹತೂಕದ ಪ್ರತಿ ಕಿಲೋಗ್ರಾಂಗೆ, ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ನಮೂದಿಸಲಾಗುತ್ತದೆ. ಕ್ರೀಡಾಪಟುಗಳಿಗಷ್ಟೇ ಅಲ್ಲದೆ ಹೃದ್ರೋಗಿಗಳ ತಪಾಸಣೆಗೂ ಇದು ಉಪಯುಕ್ತವಾಗಿದೆ. ಲ್ಯಾಕ್ಟಿಕ್ ಆಮ್ಲದ ಬಗ್ಗೆ ಅವರು ಮಂಡಿಸಿದ ವಿವರಣೆಯನ್ನು ಮುಂದಿನ ಸಂಶೋಧನೆಗಳು ಪರಿಷ್ಕರಿಸಿದರೂ ಅಳತೆಯ ವಿಧಾನವು ಉಳಿದುಬಂದಿದೆ.

ಸಾರ್ವಜನಿಕ ಸೇವೆ

1933ರಿಂದ ನಾಜಿ ಆಡಳಿತದ ಕಿರುಕುಳಕ್ಕೆ ಗುರಿಯಾದ ವಿದ್ವಾಂಸರಿಗೆ ಆಶ್ರಯ ಒದಗಿಸಲು ಹಿಲ್ ಶ್ರಮಿಸಿದರು. 1940ರಿಂದ 1945ರವರೆಗೆ ಬ್ರಿಟಿಷ್ ಸಂಸತ್ ಸದಸ್ಯರಾಗಿದ್ದರು. 1943–44ರಲ್ಲಿ ಭಾರತಕ್ಕೆ ಭೇಟಿ ನೀಡಿ, ಇಲ್ಲಿನ ವೈಜ್ಞಾನಿಕ ಸಂಶೋಧನೆಯ ಕುರಿತು ಸರ್ಕಾರಕ್ಕೆ ವರದಿ ಸಲ್ಲಿಸಿದರು. 1977ರ ಜೂನ್ 3ರಂದು ಕೇಂಬ್ರಿಡ್ಜ್‌ನಲ್ಲಿ ನಿಧನರಾದರು.

ಅಭ್ಯರ್ಥಿಗಳ ಗಮನಕ್ಕೆ

ಈ ಮಿತಿಯು ವಯಸ್ಸು, ಲಿಂಗ ಹಾಗೂ ಅನುವಂಶಿಕತೆಯನ್ನು ಅವಲಂಬಿಸಿದ್ದರೂ, ನಿಯಮಿತ ಅಭ್ಯಾಸದಿಂದ ಅದನ್ನು ಹೆಚ್ಚಿಸಿಕೊಳ್ಳಬಹುದಾಗಿದೆ. ಎದೆನೋವು, ತಲೆಸುತ್ತು ಅಥವಾ ಹೃದಯ ಸಂಬಂಧಿ ತೊಂದರೆ ಇರುವವರು ವೈದ್ಯರ ಸಲಹೆ ಪಡೆದ ನಂತರವೇ ದೈಹಿಕ ಸಾಮರ್ಥ್ಯ ಪರೀಕ್ಷೆಗೆ ಹಾಜರಾಗತಕ್ಕದ್ದು.