ಎಂಜಿನಿಯರಿಂಗ್ ಬಿಟ್ಟ ಮೇಷ್ಟ್ರು, ಮೀಡಿಯಾ ಓದಿಸಿದ ಮೇಷ್ಟ್ರು

ಮೊದಲನೇ ವರ್ಷ ಮುಗಿಯೋ ಹೊತ್ತಿಗೆ ಬ್ರಾಂಚ್ ಚೇಂಜ್ ಸಿಗುತ್ತಾ ಅಂತ ವಿಚಾರಿಸೋದು ನಮ್ಮಲ್ಲಿ ಮಾಮೂಲಿ. ಕೆನಡಾದ ಮಾರ್ಷಲ್ ಮೆಕ್ಲುಹಾನ್ ಅದಕ್ಕಿಂತ ದೊಡ್ಡ ಚೇಂಜ್ ಮಾಡಿದರು. 1928ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿ, ಒಂದೇ ವರ್ಷಕ್ಕೆ ಬಿಟ್ಟು ಇಂಗ್ಲಿಷ್ ಸಾಹಿತ್ಯಕ್ಕೆ ಹೋದರು. ಮನೆಯಲ್ಲಿ ಏನಂದ್ರೋ! ಆದರೆ ಯಂತ್ರಗಳು ಮಾತ್ರ ಅವರ ತಲೆಯಿಂದ ಹೋಗಲಿಲ್ಲ.

ಹುಟ್ಟಿದ್ದು 1911ರಲ್ಲಿ ಎಡ್ಮಂಟನ್‌ನಲ್ಲಿ, ಬೆಳೆದದ್ದು ವಿನ್ನಿಪೆಗ್‌ನಲ್ಲಿ. ತಾಯಿ ಊರೂರು ಸುತ್ತಿ ವೇದಿಕೆ ಮೇಲೆ ಕಾವ್ಯ, ನಾಟಕ ವಾಚನ ಮಾಡುತ್ತಿದ್ದವರು. ಮಗನಿಗೆ ಮಾತಿನ ಹುಚ್ಚು ಹಿಡಿದಿದ್ದು ಅಲ್ಲಿಂದಲೇ ಇರಬೇಕು. ಎಂ.ಎ. ಮುಗಿಸಿ ಕೇಂಬ್ರಿಡ್ಜ್‌ಗೆ ಹೋದರೆ ಅಲ್ಲಿ ಮತ್ತೆ ಪದವಿ ತರಗತಿಯಿಂದಲೇ ಶುರು ಮಾಡಬೇಕಾಯಿತು.

1936ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಾಠ ಮಾಡಲು ನಿಂತಾಗ ಒಂದು ವಿಷಯ ಅವರಿಗೆ ಹೊಳೆಯಿತು. ಎದುರಿಗೆ ಕೂತವರು ತಮಗಿಂತ ಕೆಲವೇ ವರ್ಷ ಚಿಕ್ಕವರು, ಆದರೂ ಅವರ ಲೋಕ ಅರ್ಥವೇ ಆಗುತ್ತಿಲ್ಲ. ಅವರು ಬದುಕುತ್ತಿದ್ದದ್ದು ರೇಡಿಯೋ, ಸಿನಿಮಾ, ಜಾಹೀರಾತುಗಳ ನಡುವೆ. ಬೇರೆಯವರಾಗಿದ್ದರೆ ಈಗಿನ ಹುಡುಗರೇ ಸರಿಯಿಲ್ಲ ಅಂತ ಬೈದು ಸುಮ್ಮನಾಗುತ್ತಿದ್ದರು. ಇವರು ಕವಿತೆಯನ್ನು ಬಿಡಿಸಿ ನೋಡುವ ಹಾಗೆ ಸೋಪಿನ ಜಾಹೀರಾತನ್ನೂ ಬಿಡಿಸಿ ನೋಡಲು ಶುರು ಮಾಡಿದರು. ಅದೇ 1951ರಲ್ಲಿ ‘ದಿ ಮೆಕ್ಯಾನಿಕಲ್ ಬ್ರೈಡ್’ ಅನ್ನೋ ಪುಸ್ತಕವಾಯಿತು.

ಅಷ್ಟರಲ್ಲಿ ಅವರು ಟೊರೊಂಟೊ ವಿಶ್ವವಿದ್ಯಾಲಯ ಸೇರಿದ್ದರು. ಅಲ್ಲಿ ಹೆರಾಲ್ಡ್ ಇನಿಸ್ ಅನ್ನೋ ಅರ್ಥಶಾಸ್ತ್ರದ ಪ್ರೊಫೆಸರ್ ಇದ್ದರು. ತುಪ್ಪಳದ ವ್ಯಾಪಾರ, ಮೀನುಗಾರಿಕೆಯ ಇತಿಹಾಸ ಬರೆದು, ಕೊನೆಗೆ ಕಲ್ಲು, ಪಪೈರಸ್, ಕಾಗದಗಳು ಸಾಮ್ರಾಜ್ಯಗಳ ಸ್ವರೂಪವನ್ನೇ ಹೇಗೆ ಬದಲಿಸಿದವು ಅನ್ನೋ ಕಡೆ ಹೊರಳಿದವರು. ಮೆಕ್ಲುಹಾನ್ ಅವರ ಯೋಚನೆಯ ಅರ್ಧ ಬೇರು ಅಲ್ಲಿದೆ ಅಂತ ನಮಗನ್ನಿಸುತ್ತೆ. 1950ರ ದಶಕದಲ್ಲಿ ಅವರ ಗುಂಪು ಒಂದು ಪ್ರಯೋಗವನ್ನೂ ಮಾಡಿತು. ಒಂದೇ ಪಾಠವನ್ನು ಕೆಲವರಿಗೆ ತರಗತಿಯಲ್ಲಿ, ಕೆಲವರಿಗೆ ರೇಡಿಯೋದಲ್ಲಿ, ಕೆಲವರಿಗೆ ಟಿವಿಯಲ್ಲಿ, ಉಳಿದವರಿಗೆ ಅಚ್ಚಿನಲ್ಲಿ ಕೊಟ್ಟು ಆಮೇಲೆ ಪರೀಕ್ಷೆ ಇಟ್ಟರು. ಟಿವಿಯಲ್ಲಿ ನೋಡಿದವರೇ ಮುಂದೆ! ಪಾಠ ಅದೇ, ದಾರಿ ಬೇರೆ, ಮಾರ್ಕ್ಸೂ ಬೇರೆ.

1963ರಲ್ಲಿ ವಿಶ್ವವಿದ್ಯಾಲಯ ಅವರಿಗಾಗಿಯೇ ಸಂಸ್ಕೃತಿ ಮತ್ತು ತಂತ್ರಜ್ಞಾನ ಕೇಂದ್ರವನ್ನು ತೆರೆಯಿತು. ಮುಂದಿನ ವರ್ಷ ‘ಅಂಡರ್‌ಸ್ಟ್ಯಾಂಡಿಂಗ್ ಮೀಡಿಯಾ’ ಬಂತು. ಅದರಲ್ಲಿ ನಮ್ಮಂಥವರು ಓದಲೇಬೇಕಾದದ್ದು ಲೈಟ್ ಬಲ್ಬಿನ ಉದಾಹರಣೆ. ಬಲ್ಬಿನಲ್ಲಿ ಸುದ್ದಿ ಇಲ್ಲ, ಕಥೆ ಇಲ್ಲ. ಆದರೂ ಅದು ರಾತ್ರಿಯ ಮ್ಯಾಚನ್ನು, ರಾತ್ರಿಯ ಆಪರೇಷನ್ನನ್ನು ಸಾಧ್ಯ ಮಾಡುತ್ತೆ, ಮನುಷ್ಯರ ದಿನವನ್ನೇ ಉದ್ದ ಮಾಡುತ್ತೆ. ಒಂದು ಸಾಧನ ಏನನ್ನು ಹೊತ್ತು ತರುತ್ತೆ ಅನ್ನೋದಕ್ಕಿಂತ, ಅದು ಬಂದ ಮೇಲೆ ಬದುಕು ಹೇಗೆ ಬದಲಾಯ್ತು ಅನ್ನೋದನ್ನು ನೋಡಿ ಅನ್ನೋದು ಅವರ ವಾದ. ನಾವು ಬಲ್ಬಿನ ವಾಟ್ ಲೆಕ್ಕ ಹಾಕ್ತೀವಿ, ಆ ಬೆಳಕಲ್ಲಿ ಯಾರ ನಿದ್ದೆ ಹೋಯ್ತು ಅಂತ ಯಾವ ಇಂಟರ್ನಲ್ಸ್‌ನಲ್ಲೂ ಕೇಳಲ್ಲ. ರೀಲ್ಸ್ ತೋರಿಸೋ ಆ್ಯಪ್ ಬರೆಯೋರೂ ನಾಳೆ ನಾವೇ ತಾನೇ?

ಹಾಗಂತ ಅವರು ಹೇಳಿದ್ದೆಲ್ಲ ಸರಿ ಅಂತಲ್ಲ. ಮೀಡಿಯಾಗಳಲ್ಲಿ ಬಿಸಿ, ತಂಪು ಅಂತ ಮಾಡಿದ ವಿಂಗಡಣೆ ಎಷ್ಟು ಸಲ ಓದಿದರೂ ನಮಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಧಾರ ಕೊಡುವ ತಾಳ್ಮೆಯೂ ಅವರಿಗೆ ಕಡಿಮೆ. ಪುಸ್ತಕ ಪ್ರಸಿದ್ಧವಾದಂತೆ ಪಂಡಿತರು ಸಂಶಯಪಟ್ಟರು, ಟಿವಿಯವರು ಬೆನ್ನು ಹತ್ತಿದರು. 1967ರಲ್ಲಿ ಮಿದುಳಿನ ಗಡ್ಡೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. 1977ರಲ್ಲಿ ವುಡಿ ಅಲೆನ್ ಅವರ ‘ಆ್ಯನಿ ಹಾಲ್’ ಸಿನಿಮಾದಲ್ಲಿ ತಮ್ಮದೇ ಪಾತ್ರದಲ್ಲಿ ಬಂದು ಹೋದರು.

ಅವರ ಕೇಂದ್ರ ಇದ್ದದ್ದು ಹಿಂದೆ ಕುದುರೆಗಾಡಿ ನಿಲ್ಲಿಸುತ್ತಿದ್ದ ಒಂದು ಸಣ್ಣ ಕಟ್ಟಡದಲ್ಲಿ. ಸೋಮವಾರ ಸಂಜೆ ಅಲ್ಲಿ ಸೆಮಿನಾರ್, ಯಾರು ಬೇಕಾದರೂ ಬರಬಹುದಿತ್ತು. ಮಾತೇ ಅಲ್ಲಿನ ಲ್ಯಾಬ್ ಇದ್ದ ಹಾಗೆ. 1979ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಆ ಮಾತೇ ಹೋಯಿತು. ಓದೋದು, ಬರೆಯೋದೂ ನಿಂತವು. ಮರುವರ್ಷ ವಿಶ್ವವಿದ್ಯಾಲಯ ಕೇಂದ್ರವನ್ನು ಮುಚ್ಚಲು ಹೊರಟಿತು. ಬೇಡ ಅಂತ ಎಷ್ಟೋ ಜನ ಪ್ರತಿಭಟಿಸಿದರು. ತಮ್ಮ ಕೇಂದ್ರದ ಪರವಾಗಿ ಒಂದು ವಾಕ್ಯ ವಾದಿಸುವ ಶಕ್ತಿಯೂ ಅವರಿಗೆ ಉಳಿದಿರಲಿಲ್ಲ. 1980ರ ಡಿಸೆಂಬರ್ 31ರಂದು ತೀರಿಕೊಂಡರು. ಕೆಲವು ವರ್ಷಗಳ ನಂತರ ಅದೇ ವಿಶ್ವವಿದ್ಯಾಲಯ ಈ ಓದನ್ನು ಮತ್ತೆ ಶುರು ಮಾಡಿತು, ಅವರದೇ ಹೆಸರಿಟ್ಟು.