ಬಿರುಕನ್ನು ಬಚ್ಚಿಡದ ಬಡಗಿ

ಮರಗೆಲಸದಲ್ಲಿ ಎರಡು ಬಗೆಯ ಜಾಣತನವುಂಟು. ಮರದಲ್ಲಿರುವ ಗಂಟು, ಸೀಳು, ಹುಳುಕುಗಳನ್ನು ಕಣ್ಣಿಗೆ ಬೀಳದಂತೆ ಮುಚ್ಚಿ, ಮೇಲೆ ಮೆರುಗೆಣ್ಣೆ ಬಳಿದು, ನೋಡಿದವರು ನಿಷ್ಕಳಂಕವೆಂದು ನಂಬುವಂತೆ ಮಾಡುವುದು ಒಂದು. ಅವುಗಳನ್ನು ಇದ್ದಂತೆಯೇ ಇರಗೊಟ್ಟು, ಮುಂದೆ ಬೆಳೆದು ಮರವನ್ನು ಕೆಡಿಸದ ಹಾಗೆ ಬಂದೋಬಸ್ತು ಮಾಡಿ, ಅವುಗಳಿಂದಲೇ ವಸ್ತುವಿಗೊಂದು ಲಕ್ಷಣವನ್ನು ತರುವುದು ಇನ್ನೊಂದು. ಮೊದಲನೆಯ ಜಾಣತನ ಎಲ್ಲ ಊರುಗಳಲ್ಲಿಯೂ ಇದೆ. ಎರಡನೆಯದನ್ನು ಬಾಳಿನುದ್ದಕ್ಕೂ ವ್ರತದಂತೆ ನಡೆಸಿದವರು ವಿರಳ. ಅಂಥವರಲ್ಲಿ ಒಬ್ಬರಾದ ಜಾರ್ಜ್ ನಕಾಶಿಮಾ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಅಮೆರಿಕದಲ್ಲಿ ಹುಟ್ಟಿ ಅಮೆರಿಕದಲ್ಲಿಯೇ ತೀರಿಕೊಂಡ ಜಪಾನೀ ವಂಶದ ಕುಶಲಿಯೊಬ್ಬರ ಕಥೆ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನವನಿಗೆ ಏಕೆ ಬೇಕಾಯಿತೆಂದು ವಾಚಕರು ಕೇಳಬಹುದು. ಮೈಸೂರು, ನಂಜನಗೂಡುಗಳಿಂದ ನೀಲಗಿರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಮ್ಮ ಊರಿದೆ. ಗುಂಡ್ಲುಪೇಟೆಯನ್ನು ದಾಟಿದರೆ ಬಂಡೀಪುರದ ಕಾಡು. ತೇಗ, ಬೀಟೆ, ಮತ್ತಿ, ಹೊನ್ನೆಗಳ ತವರು. ನಕಾಶಿಮಾ ಅವರ ಕೈಗೆ ಬಹುವಾಗಿ ಒಗ್ಗಿದ್ದು ಅಮೆರಿಕದ ಕಪ್ಪು ಅಕ್ರೋಟಿನ ಮರವಾದರೂ, ದಕ್ಷಿಣ ಭಾರತದ ಬೀಟೆಯನ್ನೂ ಅವರು ಆದರದಿಂದ ಬಳಸಿದರು. ಅದಕ್ಕಿಂತ ಹೆಚ್ಚಿನ ಸಂಬಂಧ ಇನ್ನೊಂದಿದೆ. ಶಿಲ್ಪಶಾಸ್ತ್ರ ಓದಿ ಕಟ್ಟಡ ಕಟ್ಟಿಸುತ್ತಿದ್ದ ಆ ಮನುಷ್ಯ ಪೀಠೋಪಕರಣಗಳ ಕೆಲಸಕ್ಕೆ ಮೊದಲು ಕೈಹಾಕಿದ್ದು ನಮ್ಮ ನೆರೆಯ ಪಾಂಡಿಚೇರಿಯಲ್ಲಿ.

ನಕಾಶಿಮಾ ಹುಟ್ಟಿದ್ದು 1905ನೆಯ ಇಸವಿ ಮೇ 24ರಂದು, ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸ್ಪೊಕೇನ್ ಪಟ್ಟಣದಲ್ಲಿ. ತಂದೆತಾಯಿಗಳು ಜಪಾನಿನಿಂದ ಬಂದು ನೆಲೆಸಿದವರು. ಹುಡುಗನಾಗಿದ್ದಾಗ ಸ್ಕೌಟ್ ದಳದೊಡನೆ ಆ ಸೀಮೆಯ ಬೆಟ್ಟಗಾಡುಗಳಲ್ಲಿ ಅಲೆದದ್ದೇ ಅವರಿಗೆ ಮೊದಲ ವಿದ್ಯಾಭ್ಯಾಸ. ವಿಶ್ವವಿದ್ಯಾನಿಲಯದಲ್ಲಿ ಮೊದಲು ಆರಿಸಿಕೊಂಡದ್ದು ಅರಣ್ಯಶಾಸ್ತ್ರವನ್ನು. ಅನಂತರ ವಾಸ್ತುಶಿಲ್ಪಕ್ಕೆ ತಿರುಗಿ 1929ರಲ್ಲಿ ಪದವಿ ಪಡೆದರು. ಮರುವರ್ಷ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಉನ್ನತ ಪದವಿಯೂ ದೊರೆಯಿತು. ನಕಾಶೆ ಬರೆಯುವ ವೃತ್ತಿಯವರಿಗೆ ನಕಾಶಿಮಾ ಎಂಬ ಹೆಸರಿರುವುದು ಕನ್ನಡಿಗರ ಕಿವಿಗೆ ಸೊಗಸಾಗಿ ಕೇಳಿಸುತ್ತದೆ. ಆದರೆ ಜಪಾನೀ ಭಾಷೆಯಲ್ಲಿ ಅದಕ್ಕೆ ನಡುಗಡ್ಡೆಯೆಂಬಂಥ ಬೇರೆಯೇ ಅರ್ಥವಿದೆ.

ಆ ವೇಳೆಗೆ ಅಮೆರಿಕವನ್ನು ಆರ್ಥಿಕ ಮುಗ್ಗಟ್ಟು ಕವಿದಿತ್ತು. ಇದ್ದ ಕಾರನ್ನು ಮಾರಿ, ಪ್ರಪಂಚವನ್ನು ಸುತ್ತಿಬರುವ ಹಡಗಿನ ಟಿಕೆಟ್ಟನ್ನು ಕೊಂಡು ಅವರು ಹೊರಟುಬಿಟ್ಟರು. ಪ್ಯಾರಿಸ್ಸಿನಲ್ಲಿ ಕೆಲಕಾಲ ನಿಂತು, ಉತ್ತರ ಆಫ್ರಿಕವನ್ನು ನೋಡಿ, ಪೂರ್ವಿಕರ ನಾಡಾದ ಜಪಾನನ್ನು ಸೇರಿದರು. ಅಲ್ಲಿ ಆಂಟೊನಿನ್ ರೇಮಂಡ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸ ದೊರೆಯಿತು. ಪಾಂಡಿಚೇರಿಯ ಶ್ರೀ ಅರವಿಂದಾಶ್ರಮದವರು ತಮ್ಮ ಸಾಧಕರಿಗಾಗಿ ಒಂದು ವಸತಿಗೃಹವನ್ನು ಕಟ್ಟಿಸಲು ಆ ರೇಮಂಡ್ ಅವರನ್ನೇ ಕೇಳಿದ್ದರು. ಹೈದರಾಬಾದಿನ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿ ಅವರ ಮೂಲಕ ಹಣದ ನೆರವು ಬಂದುದರಿಂದ ಅದಕ್ಕೆ ಗೋಲ್ಕೊಂಡೆ ಎಂಬ ಹೆಸರಾಯಿತು. 1937ರಲ್ಲಿ, ಸ್ಥಳದಲ್ಲಿದ್ದುಕೊಂಡು ಕಟ್ಟಿಸುವ ಹೊಣೆಯನ್ನು ಹೊತ್ತು ನಕಾಶಿಮಾ ಭಾರತಕ್ಕೆ ಬಂದರು.

ಬಂದದ್ದು ಸಂಬಳದ ಕೆಲಸಕ್ಕೆ, ಉಳಿದದ್ದು ಶಿಷ್ಯರಾಗಿ. ಸ್ವಲ್ಪಕಾಲದಲ್ಲಿಯೇ ಅವರು ಸಂಬಳವನ್ನು ಬಿಟ್ಟು ಆಶ್ರಮವಾಸಿಗಳಾದರು. ಶ್ರೀ ಅರವಿಂದರು ಅವರಿಗೆ ಸುಂದರಾನಂದನೆಂಬ ಹೆಸರನ್ನಿಟ್ಟರು; ಸೌಂದರ್ಯದಲ್ಲಿ ಆನಂದ ಕಾಣುವವನೆಂಬುದು ಅದರ ಭಾವ. ಗೋಲ್ಕೊಂಡೆಯ ಕಟ್ಟಡವನ್ನು ಕಂಡವರು ಬಲ್ಲರು: ಗಾಳಿಯನ್ನು ಒಳಬಿಟ್ಟು ಬಿಸಿಲನ್ನು ಹೊರಗೇ ತಡೆಯುವ ಅಡ್ಡಪಟ್ಟಿಗಳು, ಪಕ್ಕಕ್ಕೆ ಸರಿಯುವ ತೇಗದ ಬಾಗಿಲುಗಳು, ಎಲ್ಲಿಯೂ ಅನಾವಶ್ಯಕವಾದ ಒಂದು ಗೆರೆಯಿಲ್ಲ. ಅದರ ಕೋಣೆಗಳಿಗೆ ಬೇಕಾದ ಮರದ ಉಪಕರಣಗಳನ್ನು ರೂಪಿಸಿದಾಗ ನಕಾಶಿಮಾ ಅವರ ಮುಂದಿನ ಬಾಳಿನ ದಾರಿ ಅವರಿಗರಿವಿಲ್ಲದೆಯೇ ತೆರೆದಿತ್ತು. ಕೈಯ ಕೆಲಸವೂ ಉಪಾಸನೆಯಾಗಬಲ್ಲುದೆಂಬ ನಂಬಿಕೆಯನ್ನು ಅವರು ಇಲ್ಲಿಂದ ಕೊಂಡುಹೋದರು.

ಪ್ರಪಂಚಯುದ್ಧದ ಕಾರ್ಮೋಡ ಕವಿಯುತ್ತಿದ್ದಂತೆ 1939ರಲ್ಲಿ ಜಪಾನಿಗೂ, 1940ರಲ್ಲಿ ಅಮೆರಿಕಕ್ಕೂ ಮರಳಿದರು. 1941ರಲ್ಲಿ ಮೇರಿಯನ್ ಒಕಜಿಮಾ ಎಂಬ ಕನ್ಯೆಯೊಡನೆ ವಿವಾಹವಾಯಿತು. ಅಷ್ಟರಲ್ಲಿ ಅವರು ಕ್ಯಾಲಿಫೋರ್ನಿಯದಲ್ಲಿ ಹೆಸರಾಂತ ಶಿಲ್ಪಿಗಳ ಹೊಸ ಕಟ್ಟಡಗಳನ್ನು ನೋಡಿ ಬಂದಿದ್ದರು. ಕಾಗದದ ಮೇಲೆ ಭವ್ಯವಾದದ್ದು ನೆಲದ ಮೇಲೆ ಹುಸಿಯಾಗಿ ನಿಂತಿದ್ದುದನ್ನು ಕಂಡು ಅವರ ಮನಸ್ಸು ಮುದುಡಿತು. ರೂಪಿಸುವವನೊಬ್ಬ, ಮಾಡುವವನೊಬ್ಬ ಆದಲ್ಲಿ ಇಂಥ ಹುಸಿ ತಪ್ಪದು. ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಲ್ಲೇ ಇರುವ ಕೆಲಸ ಬೇಕೆಂದು ಅವರು ನಿಶ್ಚಯಿಸಿದರು. ಸಿಯಾಟಲ್ ನಗರದಲ್ಲಿ ಪಾದ್ರಿಯೊಬ್ಬರು ಬಾಲಕರ ಸಂಘದ ನೆಲಮಾಳಿಗೆಯಲ್ಲಿ ಜಾಗ ಕೊಟ್ಟರು. ಬಾಡಿಗೆಗೆ ಬದಲು ಬಾಲಕರಿಗೆ ಮರಗೆಲಸವನ್ನು ಕಲಿಸಿದರೆ ಸಾಕಾಗಿತ್ತು. ಆ ಕೆಲಸ ಬೇರೂರುವ ಮೊದಲೇ ವಿಪತ್ತು ಬಂದೆರಗಿತು.

ಜಪಾನಿನೊಡನೆ ಯುದ್ಧ ಹೊತ್ತಿಕೊಂಡಿತು. 1942ರಲ್ಲಿ ಅಮೆರಿಕ ಸರ್ಕಾರವು ಪಶ್ಚಿಮ ಕರಾವಳಿಯ ಜಪಾನೀ ವಂಶದವರನ್ನೆಲ್ಲ ಮನೆಮಠಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿತು. ಹೀಗೆ ಬಂಧಿತರಾದವರು ಸುಮಾರು 1,20,000 ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಯಾರ ಮೇಲೂ ಅಪರಾಧದ ವಿಚಾರಣೆ ನಡೆದಿರಲಿಲ್ಲ. ನಕಾಶಿಮಾ ದಂಪತಿಗಳು ಹಸುಗೂಸಾದ ಮಗಳು ಮೀರಾಳನ್ನು ಎತ್ತಿಕೊಂಡು ಐಡಹೋ ಸಂಸ್ಥಾನದ ಮಿನಿಡೋಕ ಶಿಬಿರವನ್ನು ಸೇರಿದರು. ಮಗುವಿನ ಹೆಸರು ನಮಗೆ ಪರಕೀಯವಾಗಿ ಕೇಳಿಸದು.

ಮರಳುಗಾಡಿನ ಆ ಸೆರೆಯಲ್ಲಿ ಅವರಿಗೆ ಒಬ್ಬ ಗುರು ದೊರೆತರು. ಗೆಂಟಾರೊ ಹಿಕೊಗಾವಾ ಎಂಬುವರು ಜಪಾನಿನಲ್ಲಿ ಸಾಂಪ್ರದಾಯಿಕವಾಗಿ ಬಡಗಿತನ ಕಲಿತವರು, ಅವರೂ ಬಂಧಿತರೇ. ಕಟ್ಟಡಕ್ಕೆ ಬಳಸಿ ಮಿಕ್ಕ ತುಂಡುಹಲಗೆಗಳು, ಮರಳುಗಾಡಿನ ಕುರುಚಲು ಗಿಡಗಳ ಸೊಟ್ಟ ಬೊಡ್ಡೆಗಳು, ಇವೇ ಅವರಿಗೆ ಸಾಮಗ್ರಿ. ವಿಶ್ವವಿದ್ಯಾನಿಲಯಗಳ ಪದವೀಧರರು ಗರಗಸ, ಉಳಿ, ಹತ್ತರಿಗಳ ಹಿಡಿತವನ್ನು ಆ ಆಚಾರಿಯ ಪಕ್ಕದಲ್ಲಿ ಕುಳಿತು ಅಕ್ಷರಾಭ್ಯಾಸದಿಂದ ಎಂಬಂತೆ ಕಲಿತರು. ಕಸವೆಂದು ಬಿಸಾಡಿದ್ದರಲ್ಲಿ ರೂಪವನ್ನು ಕಾಣುವ ಕಣ್ಣು ತೆರೆದದ್ದು ಅಲ್ಲಿ. ತಮ್ಮ ಸ್ವಂತ ದೇಶವೇ ತಮ್ಮನ್ನು ಕಸದಂತೆ ಗುಡಿಸಿ ಮೂಲೆಗೊತ್ತಿದ್ದ ದಿನಗಳಲ್ಲಿ ಈ ಪಾಠ ಅವರಿಗೆ ದೊರೆಯಿತೆಂಬುದನ್ನು ನೆನೆದರೆ ನನಗೆ ವಿಸ್ಮಯವಾಗುತ್ತದೆ.

1943ರಲ್ಲಿ ಹಿಂದಿನ ಯಜಮಾನರಾದ ರೇಮಂಡ್ ಅವರು ಹೊಣೆ ನಿಂತು ಈ ಸಂಸಾರವನ್ನು ಬಿಡಿಸಿ ಪೆನ್ಸಿಲ್ವೇನಿಯದ ನ್ಯೂ ಹೋಪ್ ಎಂಬಲ್ಲಿದ್ದ ತಮ್ಮ ಹೊಲಮನೆಗೆ ಕರೆಸಿಕೊಂಡರು. ಅಲ್ಲಿ ನಕಾಶಿಮಾ ಅವರಿಗೆ ಸಿಕ್ಕಿದ್ದು ಕೋಳಿ ಸಾಕುವ ಕೆಲಸ. ಅದನ್ನೂ ಮಾಡಿದರು. ಬಳಿಕ ತಮ್ಮ ದುಡಿಮೆಯನ್ನೇ ಬೆಲೆಯಾಗಿ ತೆತ್ತು ಮೂರು ಎಕರೆ ನೆಲವನ್ನು ಪಡೆದರು. ಡೇರೆಯಲ್ಲಿ ವಾಸಮಾಡುತ್ತ ಮೊದಲು ಕಟ್ಟಿದ್ದು ಕಾರ್ಯಾಗಾರವನ್ನು, ಆಮೇಲೆ ಮನೆಯನ್ನು. ಎರಡನ್ನೂ ತಮ್ಮ ಕೈಯಿಂದಲೇ. ಮನೆ, ಕಾರ್ಯಾಗಾರ, ಹಲಗೆಗಳ ಉಗ್ರಾಣ ಒಂದೇ ಅಂಗಳದಲ್ಲಿ ಬೆಳೆದವು. ನಮ್ಮ ಹಳ್ಳಿಗಳಲ್ಲಿ ಆಚಾರಿಯ ಮನೆಯ ಜಗಲಿಯೇ ಅವನ ಕೆಲಸದ ಜಾಗವಾಗಿರುವಂತೆ, ಅಲ್ಲಿಯೂ ಬಾಳುವೆಗೂ ಕಸುಬಿಗೂ ನಡುವೆ ಗೋಡೆಯಿರಲಿಲ್ಲ.

ಅವರ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ದಿಮ್ಮಿಯನ್ನು ಕೊಯ್ಯುವಾಗ ಅವರೇ ಗರಗಸದ ಕಾರ್ಖಾನೆಯಲ್ಲಿ ನಿಂತು ಯಾವ ಕಡೆಯಿಂದ ಎಷ್ಟು ದಪ್ಪಕ್ಕೆ ಸೀಳಬೇಕೆಂದು ಹೇಳುತ್ತಿದ್ದರು. ನೂರಾರು ವರ್ಷ ಬೆಳೆದ ಮರ ಒಂದು ತಪ್ಪು ಕೊಯ್ತದಿಂದ ಹಾಳಾಗಬಲ್ಲುದು. ಒಳಗೇನಿದೆಯೆಂಬುದು ಕೊಯ್ಯುವವರೆಗೆ ತಿಳಿಯದು. ಸೀಳಿದ ಹಲಗೆಗಳನ್ನು ದಿಮ್ಮಿಯಲ್ಲಿದ್ದ ಅನುಕ್ರಮದಲ್ಲಿಯೇ ಜೋಡಿಸಿ, ನಡುವೆ ಗಾಳಿಯಾಡುವಂತೆ ರೀಪುಗಳನ್ನಿಟ್ಟು, ವರ್ಷಗಟ್ಟಲೆ ಒಣಗಲು ಬಿಡುತ್ತಿದ್ದರು. ಮೇಜು ಬೇಕೆಂದು ಬಂದವರನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಅವರಿಗೆ ಒಪ್ಪುವ ಹಲಗೆಯನ್ನು ತೋರಿಸಿ, ಆ ಹಲಗೆಯಿಂದ ಮೇಜಿನ ಆಕಾರವನ್ನು ನಿಶ್ಚಯಿಸುತ್ತಿದ್ದರು. ಮರದ ಹೊರಮೈಯ ಸಹಜವಾದ ಅಂಕುಡೊಂಕನ್ನು ಮೇಜಿನ ಅಂಚಾಗಿ ಹಾಗೆಯೇ ಉಳಿಸುತ್ತಿದ್ದರು.

ಹಲಗೆಯಲ್ಲಿ ಬಿರುಕಿದ್ದರೆ? ಒಣಗುವಾಗ ಮರ ಉದ್ದಕ್ಕಿಂತ ಅಡ್ಡಲಾಗಿ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಅಗಲವಾದ ಹಲಗೆಗೆ ಸೀಳು ತಪ್ಪಿದ್ದಲ್ಲ. ಸಾಮಾನ್ಯ ಬಡಗಿ ಆ ಭಾಗವನ್ನು ಕತ್ತರಿಸಿ ಎಸೆಯುತ್ತಾನೆ. ನಕಾಶಿಮಾ ಬಿರುಕಿಗೆ ಅಡ್ಡಲಾಗಿ ಗುಳಿ ತೋಡಿ, ಗಟ್ಟಿಮರದ ಬೆಣೆಯೊಂದನ್ನು ಬಿಗಿಯಾಗಿ ಕೂರಿಸುತ್ತಿದ್ದರು. ಅದರ ಆಕಾರ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ. ನಮ್ಮ ಕಣ್ಣಿಗೆ ಡಮರುವಿನಂತೆ ಎನ್ನಬಹುದು. ನಡು ಸಣ್ಣದು, ತುದಿಗಳು ಅಗಲ. ಅಗಲವಾದ ತುದಿಗಳು ಬಿರುಕಿನ ಎರಡು ದಡಗಳನ್ನೂ ಹಿಡಿದುಕೊಳ್ಳುವುದರಿಂದ ಬಿರುಕು ಮುಂದುವರಿಯದು. ಬೀಟೆಯಲ್ಲಿ ದಂತವನ್ನು ಕೂರಿಸುವ ಮೈಸೂರಿನ ಕುಸುರಿಯನ್ನು ಅರಮನೆಯ ಬಾಗಿಲುಗಳಲ್ಲಿ ಕಂಡವರಿಗೆ ಮರದೊಳಗೆ ಇನ್ನೊಂದನ್ನು ಕೂರಿಸುವ ಕಲೆ ಹೊಸದಲ್ಲ. ಆದರೆ ಅಲ್ಲಿ ಕೂರಿಸಿದ್ದು ಅಲಂಕಾರಕ್ಕೆ. ಇಲ್ಲಿ ಕೂರಿಸಿದ್ದು ಭಾರ ಹೊರುವುದಕ್ಕೆ. ಈ ಬೆಣೆ ನಕಾಶಿಮಾ ಅವರ ಹೊಸ ಸೃಷ್ಟಿಯಲ್ಲ. ಬಡಗಿಗಳು ಬಹುಕಾಲದಿಂದ ಬಲ್ಲದ್ದು. ಅದನ್ನು ಹಲಗೆಯ ಅಡಿಯಲ್ಲಿ ಅಡಗಿಸದೆ, ಊಟದ ಮೇಜಿನ ನಟ್ಟನಡುವೆ ಎಲ್ಲರೂ ಕಾಣುವಂತೆ ಇಟ್ಟದ್ದು ಅವರ ಧೈರ್ಯ.

ಕೀರ್ತಿ ತಾನಾಗಿ ಬಂದಿತು. ನೋಲ್ ಕಂಪನಿಗಾಗಿ ಕೆಲವು ಮಾದರಿಗಳನ್ನು ರೂಪಿಸಿಕೊಟ್ಟರೂ, ಅವರ ಮನಸ್ಸು ಒಂದೊಂದಾಗಿ ಮಾಡುವ ಕೆಲಸದಲ್ಲಿಯೇ ನಿಂತಿತು. 1960ರ ಸುಮಾರಿಗೆ ಎರಡೇ ಕಾಲಿನ ಒಂದು ಕುರ್ಚಿಯನ್ನು ಮಾಡಿದರು. ನೆಲದ ಮೇಲೆ ಉದ್ದಕ್ಕೆ ಚಾಚಿದ ಪಾದಗಳ ಬಲದಿಂದ ಅದರ ಆಸನ ಮುಂದಕ್ಕೆ ತೇಲಿನಿಂತಂತೆ ಕಾಣುತ್ತದೆ. ಕೂತರೆ ಮುರಿದೀತೆಂದು ಸಂದೇಹಪಟ್ಟವರುಂಟು, ಅದು ಮುರಿಯಲಿಲ್ಲ. 1973ರಲ್ಲಿ ನೆಲ್ಸನ್ ರಾಕ್‌ಫೆಲರ್ ಅವರು ತಮ್ಮ ಮನೆಗಾಗಿ ಇನ್ನೂರಕ್ಕೂ ಹೆಚ್ಚು ವಸ್ತುಗಳನ್ನು ಮಾಡಿಸಿಕೊಂಡರು. 1981ರಲ್ಲಿ ಮರದ ಆತ್ಮವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1983ರಲ್ಲಿ ಜಪಾನಿನ ಚಕ್ರವರ್ತಿಗಳ ಪ್ರಶಸ್ತಿ ಸಂದಿತು.

ಭಾರತವನ್ನು ಅವರು ಮರೆತಿರಲಿಲ್ಲ. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆಹ್ವಾನದ ಮೇಲೆ ಬಂದು, ನಮ್ಮ ಮರಗಳಲ್ಲಿ ನಮ್ಮ ಬಡಗಿಗಳು ಮಾಡಬಹುದಾದ ಪೀಠೋಪಕರಣಗಳನ್ನು ರೂಪಿಸಿಕೊಟ್ಟರು. ವೃದ್ಧಾಪ್ಯದಲ್ಲಿ ಅವರಿಗೆ ಒಂದು ದೊಡ್ಡ ಸಂಕಲ್ಪ ಹುಟ್ಟಿತು. ಭಾರಿ ಅಕ್ರೋಟಿನ ದಿಮ್ಮಿಯೊಂದು ದೊರೆತಾಗ, ಅದರಿಂದ ಖಂಡಕ್ಕೊಂದರಂತೆ ಶಾಂತಿಪೀಠಗಳನ್ನು ಮಾಡಬೇಕೆಂದು ಬಯಸಿದರು. ಮೊದಲನೆಯದು 1986ರ ಕೊನೆಯ ದಿನದಂದು ನ್ಯೂಯಾರ್ಕಿನ ಸಂತ ಜಾನ್ ಮಹಾದೇವಾಲಯದಲ್ಲಿ ಸ್ಥಾಪಿತವಾಯಿತು. ಅದರ ಎರಡು ಹಲಗೆಗಳ ನಡುವಣ ಅಂತರದಲ್ಲಿಯೂ ಚಿಟ್ಟೆಯ ಬೆಣೆಗಳೇ ಸೇತುವೆಯಾಗಿವೆ. 1988ರಲ್ಲಿ ಅಮೆರಿಕ ಸರ್ಕಾರವು ಯುದ್ಧಕಾಲದ ಆ ಬಂಧನಕ್ಕಾಗಿ ಕಾನೂನಿನ ಮೂಲಕವೇ ಕ್ಷಮೆ ಕೇಳಿತು. ಅದನ್ನು ಕಾಣುವವರೆಗೆ ಬದುಕಿದ್ದ ನಕಾಶಿಮಾ 1990ರ ಜೂನ್ 15ರಂದು ನ್ಯೂ ಹೋಪ್‌ನಲ್ಲಿ ಕಾಲವಾದರು. ಕಾರ್ಯಾಗಾರ ಮಗಳು ಮೀರಾ ಅವರ ಕೈಗೆ ಬಂದಿತು. ಶಾಂತಿಪೀಠಗಳಲ್ಲೊಂದು 1996ರಲ್ಲಿ ಆರೋವಿಲ್ಲಿಗೆ, ಎಂದರೆ ಅವರು ಮೊದಲು ಮರವನ್ನು ಮುಟ್ಟಿದ ಪಾಂಡಿಚೇರಿಯ ಮಗ್ಗುಲಿಗೇ ಬಂದು ಸೇರಿತು.

ಇವರ ಚರಿತ್ರೆಯನ್ನು ಓದುತ್ತ ನಾನು ಮತ್ತೆ ಮತ್ತೆ ನಮ್ಮ ಬೀಟೆಯನ್ನು ನೆನೆದಿದ್ದೇನೆ. ನಿಧಾನವಾಗಿ ಬೆಳೆಯುವ ಮರ ಅದು; ಕಪ್ಪು ನೇರಳೆ ಬಣ್ಣದ ಅದರ ಚೇಗು ಕೂಡಿಬರಲು ತಲೆಮಾರುಗಳು ಬೇಕು. ಒಂದು ಕಾಲಕ್ಕೆ ಮೈಸೂರು ಸೀಮೆಯ ಕಾಡುಗಳಿಂದ ಅದು ಗಾಡಿಗಟ್ಟಲೆ ಹೊರಹೋಯಿತು. 1973ರಲ್ಲಿ ಬಂಡೀಪುರ ಹುಲಿಗಳ ರಕ್ಷಿತಾರಣ್ಯವಾಯಿತು. 2017ರಿಂದ ಬೀಟೆಯ ವಿದೇಶ ವ್ಯಾಪಾರ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡಿಗೆ ಒಳಗಾಗಿದೆ. ಇವೆಲ್ಲ ಬೇಕಾದವೇ. ಆದರೆ ಕಾನೂನು ಮರವನ್ನು ಕಡಿಯಬೇಡವೆನ್ನಬಲ್ಲುದೇ ಹೊರತು, ಕಡಿದುಹೋದದ್ದನ್ನು ಹೇಗೆ ಗೌರವಿಸಬೇಕೆಂದು ಕಲಿಸಲಾರದು. ಹಳೆಯ ಮನೆಗಳನ್ನು ಕೆಡವುವಾಗ ಹೊರಬೀಳುವ ತೊಲೆ, ಕಂಬ, ಬಾಗಿಲುವಾಡಗಳು ಬಿರುಕು ಬಿಟ್ಟಿವೆಯೆಂಬ ಒಂದೇ ಕಾರಣದಿಂದ ಸೌದೆಯ ರಾಶಿಯನ್ನು ಸೇರುವುದುಂಟು. ಅಂಥ ಒಂದೊಂದು ತುಂಡಿನಲ್ಲಿಯೂ ಇನ್ನೊಂದು ಆಯುಸ್ಸು ಉಳಿದಿದೆಯೆಂದು ತೋರಿಸಿಕೊಟ್ಟವರು ನಕಾಶಿಮಾ.

ಅವರ ಬಾಳೂ ಒಂದು ಸೀಳಿದ ಹಲಗೆಯೇ ಆಗಿತ್ತು. ಒಂದು ದಡ ಜಪಾನು, ಇನ್ನೊಂದು ದಡ ಅಮೆರಿಕ. ನಡುವೆ ಯುದ್ಧದ, ಸೆರೆಯ ಬಿರುಕು. ಆ ಬಿರುಕನ್ನು ಅವರು ಮುಚ್ಚಿಡಲಿಲ್ಲ, ಅದನ್ನೇ ಹೇಳಿಕೊಂಡು ಕೊರಗಲೂ ಇಲ್ಲ. ಅಗಲವಾಗದಂತೆ ಅಡ್ಡಲಾಗಿ ಒಂದು ಬೆಣೆಯನ್ನು ಕೂರಿಸಿದರು. ಆ ಬೆಣೆಗೆ ಬೇಕಾದ ಗಟ್ಟಿಮರ ಬಹುಪಾಲು ನಮ್ಮ ದೇಶದ್ದೆಂಬುದು ನನ್ನ ನಂಬಿಕೆ.